ಗೂಟದ ಔಚಿತ್ಯ

ಈ ಬೇಸಗೆಯಲ್ಲಿ ನನ್ನ ಅಕ್ಕನ ಮಗ ಅಮೆರಿಕದಿಂದ ರಜೆಗೆ ಬಂದಿದ್ದನು. ನರಗುಂದದ ತನ್ನ ಮನೆಯಲ್ಲಿ ಎರಡು ದಿನ ನಿಂತು, ಮೂರನೆಯ ದಿನ ಅಜ್ಜಿಯನ್ನು ಕಾಣಲೆಂದು ಗಜೇಂದ್ರಗಡಕ್ಕೆ ಬಂದವನು, ಅಜ್ಜಿಯ ಬಳಿ ಕುಳಿತದ್ದಕ್ಕಿಂತ ಅಟ್ಟದ ಮೇಲೆ ಕಳೆದ ಹೊತ್ತೇ ಹೆಚ್ಚು. ರೋಣದಲ್ಲಿ ಉತ್ತರಪತ್ರಿಕೆಗಳನ್ನು ತಿದ್ದುವ ಕೆಲಸ ಮುಗಿಸಿಕೊಂಡು ಸಂಜೆ ನಾನು ಮನೆಗೆ ಬರುವಷ್ಟರಲ್ಲಿ ಪಡಸಾಲೆಯಲ್ಲಿ ಒಂದು ಸಣ್ಣ ಪ್ರದರ್ಶನವೇ ಏರ್ಪಟ್ಟಿತ್ತು. ಮಗ್ಗದ ಲಾಳಿಯೊಂದು, ಬಣ್ಣ ಹೋದ ಮರದ ಗೊಂಬೆಯೊಂದು, ಕಾವು ಸಡಿಲಾದ ಹಳೆಯ ಉಳಿಯೊಂದು. ಅವುಗಳ ಪಕ್ಕದಲ್ಲಿ, ಅಡಿಗೆಮನೆಯ ಮೂಲೆಯ ಬೀಸುಕಲ್ಲಿನಿಂದ ಕಿತ್ತು ತಂದ ಗೂಟ.

“ಮಾಮಾ, ನೀವು ಸಾಹಿತ್ಯ ಓದಿದವ್ರು. ಇದರಾಗ ಯಾವುದು ಒಯ್ಯಲಿ, ಹೇಳ್ರಿ” ಎಂದನು.

“ಎದಕ್ಕೋ?” ಎಂದೆ.

“ಬೀರಿನ ನಳದ ಹಿಡಿಕೀಗೆ ರೀ.”

ವಾಚಕರಿಗೆ ಇಲ್ಲಿ ಸ್ವಲ್ಪ ವಿವರಣೆ ಬೇಕಾದೀತು. ನಮ್ಮಲ್ಲಿ 1965ರ ಅಬಕಾರಿ ಕಾನೂನಿನ ಮೇರೆಗೆ ಪರವಾನಿಗೆಯಿಲ್ಲದೆ ಮನೆಯಲ್ಲಿ ಮದ್ಯ ತಯಾರಿಸುವುದು ಅಪರಾಧ. ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ 1978ರಲ್ಲಿ ಅಧ್ಯಕ್ಷ ಕಾರ್ಟರರು ಸಹಿ ಮಾಡಿದ ಕಾನೂನೊಂದು ಮರುವರ್ಷದ ಫೆಬ್ರವರಿಯಿಂದ ಜಾರಿಗೆ ಬಂದು, ಮನೆಬಳಕೆಗಾಗಿ ಬೀರು ಮಾಡಿಕೊಳ್ಳುವುದಕ್ಕೆ ಇದ್ದ ಕೇಂದ್ರ ಸರಕಾರದ ತೊಡಕನ್ನು ನಿವಾರಿಸಿತು. ವಯಸ್ಕನೊಬ್ಬನಿದ್ದ ಮನೆಗೆ ವರ್ಷಕ್ಕೆ 100 ಗ್ಯಾಲನ್, ಇಬ್ಬರು ಅಥವಾ ಹೆಚ್ಚು ಜನರಿದ್ದ ಮನೆಗೆ 200 ಗ್ಯಾಲನ್. ಮಾರುವಂತೆ ಮಾತ್ರ ಇಲ್ಲ. ಹೀಗೆ ಹವ್ಯಾಸಕ್ಕೆಂದು ಬೀರು ಮಾಡುವವರು ಅದನ್ನು ಪೀಪಾಯಿಯಲ್ಲಿ ತುಂಬಿ, ನಳ ಜೋಡಿಸಿ, ಆ ನಳಕ್ಕೊಂದು ಹಿಡಿಕೆ ಹಾಕುತ್ತಾರೆ. ಅಂಗಡಿಯ ಹಿಡಿಕೆ ಇವರಿಗೆ ರುಚಿಸದು. ಸುತ್ತಿಗೆಯ ಕಾವು, ಮೋಟಾರಿನ ಪಿಸ್ಟನ್, ಜಿಂಕೆಯ ಕೊಂಬು, ಮಕ್ಕಳ ಆಟಿಗೆ, ಹೀಗೆ ಕೈಗೆ ಸಿಕ್ಕುದನ್ನು ಕೊರೆದು, ಅದರ ಬುಡದಲ್ಲಿ ಹಿತ್ತಾಳೆಯ ತಿರುಪೊಂದನ್ನು ಕೂರಿಸಿ ನಳಕ್ಕೆ ಏರಿಸುತ್ತಾರೆ. ಆ ತಿರುಪಿನ ಅಳತೆ ಅಲ್ಲಿ ಗೊತ್ತಾದದ್ದು: ಮೂರು-ಎಂಟಾಂಶ ಅಂಗುಲದ ದಪ್ಪ, ಅಂಗುಲಕ್ಕೆ 16 ಸುತ್ತು. ಅಳತೆ ಒಂದೇ ಆದುದರಿಂದ ಮೇಲಿನ ವಸ್ತು ಏನಾದರೂ ಆಗಬಹುದು.

ಏನಾದರೂ ಆಗಬಹುದೆನ್ನುವಲ್ಲಿಯೇ ವಿಮರ್ಶೆಯ ಕೆಲಸ ಮೊದಲಾಗುವುದು. ಅಳಿಯನು ತನ್ನ ಗೆಳೆಯರ ಮನೆಗಳ ಹಿಡಿಕೆಗಳ ಚಿತ್ರಗಳನ್ನು ಒಂದೊಂದಾಗಿ ತೋರಿಸಿದನು. ಕೆಲವು ನೋಡಿದೊಡನೆ ನಗೆ ಬರಿಸಿದವು. ಎರಡನೆಯ ಸಲ ನೋಡಿದಾಗ ಆ ನಗೆ ಬರಲಿಲ್ಲ. ಕೆಲವು ಮೊದಲು ಸಾಧಾರಣವಾಗಿ ಕಂಡು, ನೋಡುತ್ತ ಹೋದಂತೆ ಮನಸ್ಸನ್ನು ಹಿಡಿದವು. ವರ್ಗದಲ್ಲಿ ಕವಿತೆಗಳನ್ನು ಓದಿಸುವಾಗ ಆಗುವ ಅನುಭವವೂ ಇದೇ. ವಿಚಿತ್ರವಾದುದು ಬೇರೆ, ಉಚಿತವಾದುದು ಬೇರೆ. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಔಚಿತ್ಯವನ್ನೇ ಕಾವ್ಯದ ಜೀವವೆಂದು ಎಣಿಸಿ ಒಂದು ಗ್ರಂಥವನ್ನು ಬರೆದನಷ್ಟೆ. ಅವನ ತೂಕದ ಕಲ್ಲು ಬೀರಿನ ನಳಕ್ಕೂ ಸಲ್ಲುವುದೆಂದು ಅವನು ಕನಸಿನಲ್ಲಿಯೂ ಎಣಿಸಿರಲಾರನು.

ಹಳೆಯದನ್ನು ಹೊಸ ಕೆಲಸಕ್ಕೆ ಹಚ್ಚುವುದು ನಮ್ಮ ಜನಕ್ಕೆ ಹೊಸದೇನೂ ಅಲ್ಲ. ಉಟ್ಟು ಹರಿದ ಸೀರೆಗಳು ನಮ್ಮ ಕಡೆ ಕೌದಿಯಾಗುತ್ತವೆ. ಆದರೆ ಕೌದಿಯು “ನಾನು ಒಂದಾನೊಂದು ಕಾಲಕ್ಕೆ ಸೀರೆಯಾಗಿದ್ದೆ” ಎಂದು ಸಾರಿ ಹೇಳುವುದಿಲ್ಲ. ಮೊದಲು ಬೆಚ್ಚಗಿಡುತ್ತದೆ, ಆಮೇಲೆ, ನಿದ್ದೆ ಬಾರದ ರಾತ್ರಿ, ಅಂಚಿನ ತುಂಡನ್ನು ಬೆರಳಿಂದ ಸವರಿದವರಿಗೆ ಅದು ಯಾರ ಸೀರೆಯೆಂಬ ನೆನಪು ಬರುತ್ತದೆ. ಕೆಲಸ ಮೊದಲು, ನೆನಪು ಆಮೇಲೆ. ಈ ಕ್ರಮ ತಪ್ಪಿದರೆ ಕೌದಿ ಗೋಡೆಗೆ ತೂಗುಹಾಕುವ ಅಲಂಕಾರವಾಗಿಬಿಡುತ್ತದೆ.

ಆದ್ದರಿಂದ ಮೊದಲನೆಯ ಪರೀಕ್ಷೆ ಕೈಯದು. ನಳದ ಹಿಡಿಕೆ ನೆಟ್ಟಗೆ ನಿಲ್ಲಬೇಕು, ಮುಂದಕ್ಕೆ ಎಳೆದರೆ ಬೀರು ಸುರಿಯಬೇಕು, ಹಿಂದಕ್ಕೆ ತಳ್ಳಿದರೆ ನಿಲ್ಲಬೇಕು. ಮೇಲಿನ ವಸ್ತು ತೀರ ಭಾರವಾಗಿ ಮುಂದಕ್ಕೆ ವಾಲಿದರೆ, ಯಾರೂ ಮುಟ್ಟದಿದ್ದರೂ ನಳ ತಾನಾಗಿ ತೆರೆದುಕೊಂಡು ಬೀರೆಲ್ಲ ನೆಲದ ಪಾಲಾಗುವುದಂತೆ. ತೀರ ಅಗಲವಾಗಿದ್ದರೆ ಪಕ್ಕದ ಹಿಡಿಕೆಗೆ ತಾಗುವುದು. ನಮ್ಮ ಪಡಸಾಲೆಯ ಗೊಂಬೆ ಈ ಪರೀಕ್ಷೆಯಲ್ಲಿಯೇ ಸೋತಿತು. ಅದರ ತಲೆ ದೊಡ್ಡದು, ಸೊಂಟ ಸಣ್ಣದು. ಹಿಡಿಯಲು ಹೋದರೆ ಕೈ ಅದರ ಮುಖವನ್ನೇ ಮುಚ್ಚುತ್ತಿತ್ತು.

ಈ ಭಾರದ ಮಾತು ಕೇಳಿದಾಗ ನನಗೆ ಪಂಪನ ನೆನಪಾಯಿತು. ನರಗುಂದಕ್ಕೆ ದೂರವಲ್ಲದ ಅಣ್ಣಿಗೇರಿಯ ನಂಟುಳ್ಳ ಈ ಕವಿ ಕ್ರಿ. ಶ. 941ರ ಸುಮಾರಿಗೆ ವ್ಯಾಸರ ಕಥೆಯನ್ನು ತೆಗೆದುಕೊಂಡು, ಅದರ ಅರ್ಜುನನಲ್ಲಿ ತನ್ನ ಒಡೆಯ ಅರಿಕೇಸರಿಯನ್ನು ಕೂರಿಸಿದನು. ಇದೂ ಹಳೆಯ ವಸ್ತುವಿಗೆ ಹೊಸ ತಿರುಪನ್ನು ಜೋಡಿಸಿದ ಕೆಲಸವೇ. ಬಹುಮಟ್ಟಿಗೆ ತಿರುಪು ಎಷ್ಟು ಚೆನ್ನಾಗಿ ಕೂತಿದೆಯೆಂದರೆ, ಎಲ್ಲಿ ಪಾಂಡವ ಮುಗಿದು ಎಲ್ಲಿ ಚಾಲುಕ್ಯ ಮೊದಲಾದನೆಂಬುದೇ ತಿಳಿಯದು. ಆದರೆ ದ್ರೌಪದಿ ಅರ್ಜುನನೊಬ್ಬನ ಹೆಂಡತಿಯಾಗಿ, ಕೊನೆಗೆ ಪಟ್ಟಾಭಿಷೇಕದ ಹೊತ್ತಿಗೆ ಅವನ ಪಕ್ಕದಲ್ಲಿ ಸುಭದ್ರೆ ಕುಳಿತಾಗ, ಹಿಡಿಕೆ ಭಾರವಾಗಿ ನಳ ವಾಲಿದಂತೆ ನಮಗೆ ಭಾಸವಾಗುತ್ತದೆ. ಒಡೆಯನ ತೂಕ ಕಥೆಯ ತೂಕವನ್ನು ಮೀರಿತು. ಮಹಾಕವಿಗೂ ಒಮ್ಮೊಮ್ಮೆ ಹೀಗಾದೀತೆಂದ ಮೇಲೆ ಓರೆಗಾನಿನ ಹವ್ಯಾಸಿಗಳನ್ನು ನಾವು ಹೆಚ್ಚು ಗದರಿಸುವಂತಿಲ್ಲ.

ಇನ್ನು ಲಾಳಿ. ಕೈಯ ಪರೀಕ್ಷೆಯಲ್ಲಿ ಅದು ಎಲ್ಲವನ್ನೂ ಮೀರಿಸಿತು. ದೋಣಿಯಂತಹ ಮೈ, ಕಂಡಿಕೆ ಕೂರುವ ನಡುವಿನ ಗೂಡು, ವರ್ಷಗಟ್ಟಲೆ ನೂಲಿನ ನಡುವೆ ಓಡಾಡಿ ಬಂದ ನುಣುಪು. ಅಂಗೈಯಲ್ಲಿಟ್ಟರೆ ಬಿಡಲು ಮನಸ್ಸಾಗದು. ಅಳಿಯನೂ ಅದನ್ನೇ ಮೆಚ್ಚಿದ್ದನು. “ಗಜೇಂದ್ರಗಡ ಅಂದ್ರ ಮಗ್ಗ. ಇದನ್ನ ನೋಡಿದವ್ರಿಗೆ ನಮ್ಮೂರು ತಿಳೀತೈತಿ” ಎಂದನು. ಮಾತು ಸುಳ್ಳಲ್ಲ. ಕೈಮಗ್ಗದ ಸೀರೆಗೆ ಈ ಊರು ಹೆಸರಾದದ್ದು.

ಆದರೂ ನಾನು ಬೇಡವೆಂದೆ. ಆ ಲಾಳಿ ನಮ್ಮ ಮನೆಯದಲ್ಲ. ನಾನು ಸಣ್ಣವನಿದ್ದಾಗ ನಮ್ಮ ಓಣಿಯಲ್ಲಿ ಒಬ್ಬ ನೇಕಾರನಿದ್ದನು. ಸಂಜೆ ಸಾರಾಯಿ ಅಂಗಡಿ; ಮುಂಜಾನೆ ನಡುಗುವ ಕೈ. ನಡುಗುವ ಕೈಗೆ ಎಳೆ ನಿಲ್ಲದು. ಮೊದಲು ಹೆಂಡತಿಯ ಬೆಂಡೋಲೆ ಹೋಯಿತು, ಆಮೇಲೆ ಮಗ್ಗವೇ ಹೋಯಿತು. ಮಗ್ಗವನ್ನು ಬಂಡಿಗೆ ಹೇರಿದ ದಿನ ಅವನ ಹೆಂಡತಿ ಈ ಲಾಳಿಯನ್ನು ತಂದು ನನ್ನ ತಾಯಿಯ ಕೈಯಲ್ಲಿಟ್ಟು, “ಇದ ನಿಮ್ಮಲ್ಲಿ ಇರಲಿ ಅಕ್ಕಾ” ಎಂದಳು. ತಿರುಗಿ ಕೇಳಲು ಬರಲಿಲ್ಲ. ಕರ್ನಾಟಕದಲ್ಲಿ ಸಾರಾಯಿ ಮಾರಾಟ ನಿಂತದ್ದು 2007ರ ಜುಲೈಯಲ್ಲಿ. ಅಷ್ಟು ಹೊತ್ತಿಗೆ ಆ ಮನೆಯೇ ಉಳಿದಿರಲಿಲ್ಲ.

ಒಂಬತ್ತನೆಯ ಶತಮಾನದ ಆನಂದವರ್ಧನನು ಧ್ವನಿಯನ್ನು ಕುರಿತು ಹೇಳಿದ್ದನ್ನು ನಾನು ಇಪ್ಪತ್ತು ವರ್ಷಗಳಿಂದ ಪಾಠ ಮಾಡುತ್ತಿದ್ದೇನೆ. ವಾಚ್ಯಾರ್ಥವನ್ನು ಮೀರಿ ಹೊಳೆಯುವ ಅರ್ಥವು ಸಹೃದಯನಿಗೆ ಮಾತ್ರ ಹೊಳೆಯುವುದು. ಓರೆಗಾನಿನಲ್ಲಿ ಆ ಲಾಳಿಯನ್ನು ಎಳೆದವರಿಗೆ “ದೂರದ ಒಂದು ನೇಕಾರರ ಊರು” ಎಂಬ ಧ್ವನಿ ಕೇಳಿಸೀತು. ನಮ್ಮ ಓಣಿಯಲ್ಲಿ ನಿಂತವನಿಗೆ ಕೇಳುವುದು ಬೇರೆ: ಮಗ್ಗವನ್ನು ನುಂಗಿದ್ದಕ್ಕೇ ಮಗ್ಗದ ಲಾಳಿಯನ್ನು ಹಿಡಿಕೆ ಮಾಡಿದರಲ್ಲಾ ಎಂಬ ಕುಹಕ. ವಸ್ತು ಒಂದೇ, ರೂಪ ಒಂದೇ. ಓದುವವನು ನಿಂತ ನೆಲ ಬದಲಾದೊಡನೆ ಅರ್ಥ ತಲೆಕೆಳಗಾಯಿತು. ಅಳಿಯನು ಈ ಕಥೆಯನ್ನು ಕೇಳಿರಲಿಲ್ಲ. ಕೇಳಿದ ಮೇಲೆ ಲಾಳಿಯನ್ನು ಸುಮ್ಮನೆ ಅಟ್ಟಕ್ಕೆ ಏರಿಸಿ ಬಂದನು.

ಹಾಗೆಂದು ಮದ್ಯದ ಸೋಂಕು ತಗುಲಿದ್ದೆಲ್ಲ ಅನುಚಿತವೆನ್ನುವ ಮಡಿವಂತಿಕೆ ಕನ್ನಡ ವಿಮರ್ಶಕನಿಗೆ ಒಪ್ಪುವಂತಹದಲ್ಲ. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನಿದ್ದನು. ಹೆಂಡ ಮಾರುವ ಕಾಯಕದ ಮಾತುಗಳನ್ನೇ ಹಿಡಿಕೆ ಮಾಡಿಕೊಂಡು ಅವನು ಅನುಭಾವದ ನಳವನ್ನು ತೆರೆದನು. ನಮ್ಮ ಹತ್ತಿರದ ಕಾಲದಲ್ಲಿ ಜಿ. ಪಿ. ರಾಜರತ್ನಂ ಅವರು ತಾವು ಹೆಂಡ ಮುಟ್ಟದವರಾಗಿದ್ದೂ, ಕುಡುಕನೊಬ್ಬನ ಮುರುಕು ನುಡಿಯಲ್ಲಿ ‘ರತ್ನನ ಪದಗಳ’ನ್ನು ಬರೆದರು. ಮಾರಯ್ಯನಿಗೆ ಆ ಮಾತು ಅನ್ನ ಕೊಟ್ಟ ಮಾತು. ರಾಜರತ್ನಂ ಅವರಿಗೆ ಅದು ಎರವಲು. ಆದರೆ ಇಬ್ಬರೂ ಎತ್ತಿಕೊಂಡ ವಸ್ತುವಿನ ನೋವನ್ನು ಬಲ್ಲವರಾಗಿದ್ದರು. ನಮ್ಮ ಲಾಳಿಯ ವಿಷಯದಲ್ಲಿ ತಪ್ಪಿದ್ದು ಅದೊಂದೇ.

ಕೊನೆಗೆ ಉಳಿದದ್ದು ಉಳಿ ಮತ್ತು ಗೂಟ. ಉಳಿಗೆ ದೋಷವಿರಲಿಲ್ಲ, ವಿಶೇಷವೂ ಇರಲಿಲ್ಲ. ಅಂತಹದು ಓರೆಗಾನಿನಲ್ಲಿಯೂ ಸಿಕ್ಕೀತು. ಗೂಟದ ಮಾತು ಬೇರೆ. ಅದು ಕರಿಜಾಲಿಯದು, ಒಂದು ಗೇಣುದ್ದ, ನೆಟ್ಟಗೆ ನಿಲ್ಲುವಂತಹದು, ಮುಷ್ಟಿಗೆ ಸರಿಯಾಗಿ ತುಂಬುವಂತಹದು. ಹುಟ್ಟಿನಿಂದಲೇ ಅದು ಹಿಡಿಕೆ. ಮೇಲಾಗಿ, ಬೀರು ಎಂಬುದು ಕಾಳಿನ ಕೂಸು. ಕಾಳನ್ನು ನೆನೆಯಿಸಿ, ಮೊಳಕೆ ಬರಿಸಿ, ಒಣಗಿಸಿ, ಒಡೆದ ಮೇಲೆಯೇ ಅದು ಬಿಸಿನೀರಿಗೆ ಬೀಳುವುದು. ಅಳಿಯನು ಮಾಡಹೊರಟದ್ದು ಜೋಳದ ಬೀರು! ಆಫ್ರಿಕದ ಹಳ್ಳಿಗಳಲ್ಲಿ ಅದು ಹಳೆಯ ಪೇಯ. ನೈಜೀರಿಯ ಸರಕಾರ 1988ರಲ್ಲಿ ಬಾರ್ಲಿಯ ಮಾಲ್ಟಿನ ಆಮದನ್ನು ನಿಷೇಧಿಸಿದಾಗ ಅಲ್ಲಿಯ ದೊಡ್ಡ ಕಾರಖಾನೆಗಳೂ ಜೋಳದ ಕಡೆಗೆ ಹೊರಳಬೇಕಾಯಿತು. ಜೋಳ ಬೀಸಿದ ಗೂಟ ಜೋಳದ ಬೀರಿನ ನಳದ ಮೇಲೆ! ಕೈಗೆ ಒಪ್ಪುವುದು, ಕೆಲಸಕ್ಕೆ ಒಪ್ಪುವುದು, ಅರ್ಥಕ್ಕೆ ಒಪ್ಪುವುದು. ನನ್ನ ಎಲ್ಲ ಪರೀಕ್ಷೆಗಳಲ್ಲಿಯೂ ಅದು ಪ್ರಥಮ ದರ್ಜೆಯಲ್ಲಿ ತೇರ್ಗಡೆಯಾಯಿತು. ಆದರೂ ಕೊಡಲು ನನಗೆ ಮನಸ್ಸು ಬಾರಲಿಲ್ಲ. ಅದರ ಮೇಲಿನ ಸವಕಲು ನನ್ನ ತಾಯಿಯ ಬೆರಳುಗಳದು. ನಸುಕಿನಲ್ಲಿ ಆ ಕಲ್ಲಿನ ಸದ್ದಿಗೆ ಎದ್ದು ಬೆಳೆದವನು ನಾನು. ಶಾಸ್ತ್ರ ಒಪ್ಪಿದ್ದನ್ನು ಮನಸ್ಸು ಒಪ್ಪದಿದ್ದರೆ ವಿಮರ್ಶಕನು ಏನು ಮಾಡಬೇಕು? ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ: ನಿರ್ಣಯವನ್ನು ಇನ್ನೊಬ್ಬರಿಗೆ ದಾಟಿಸಿದೆ.

ಒಳಗಿನಿಂದ ಬಂದ ತಾಯಿ ಎಲ್ಲವನ್ನೂ ಕೇಳಿಸಿಕೊಂಡಳು. ಎದಕ್ಕೆಂಬುದನ್ನೂ ಮೊಮ್ಮಗನು ಮುಚ್ಚದೆ ಹೇಳಿದನು. “ಸೆರೆ ಅಂದಂಗಾತು” ಎಂದು ಅವಳು ಮುಖ ಗಂಟಿಕ್ಕಿ, ಸ್ವಲ್ಪ ಹೊತ್ತು ಬಿಟ್ಟು, “ದುಡದಿದ್ದು ಮನೀಗೆ ಮುಟ್ಟತೈತಿಲ್ಲೋ?” ಎಂದು ಕೇಳಿದಳು. ಮುಟ್ಟುತ್ತದೆಂದು ಅವನು ಹೇಳಿದ ಮೇಲೆ ಇನ್ನೊಂದು ಪ್ರಶ್ನೆ: “ಅದನ್ನ ಒಯ್ದ್ರ ಕಲ್ಲಿಗೆ ಏನ್ ಹಾಕ್ತೀಯೋ ತಮ್ಮಾ?”

ಇದು ನನ್ನ ಪಟ್ಟಿಯಲ್ಲಿರದ ಪರೀಕ್ಷೆ. ಪಂಪನು ಎಷ್ಟು ಎತ್ತಿಕೊಂಡರೂ ವ್ಯಾಸರ ಕಣಜದಲ್ಲಿ ಒಂದು ಕಾಳೂ ಕಡಿಮೆಯಾಗಲಿಲ್ಲ. ಐದು ಶತಮಾನಗಳ ಮೇಲೆ ಗದುಗಿನಲ್ಲಿ ಕುಮಾರವ್ಯಾಸನಿಗೆ ಅದು ಇಡಿಯಾಗಿಯೇ ಸಿಕ್ಕಿತು. ಮಾತಿನ ಎರವಲು ಮೂಲವನ್ನು ಬರಿದು ಮಾಡುವುದಿಲ್ಲ. ವಸ್ತುವಿನ ಎರವಲು ಹಾಗಲ್ಲ. ಗೂಟ ಹೋದ ಬೀಸುಕಲ್ಲು ಬರಿಯ ಎರಡು ಕಲ್ಲು. ಎತ್ತಿಕೊಂಡವನ ಮನೆ ಎಷ್ಟು ಚೆಂದವಾಯಿತೆಂದು ನೋಡುವ ನಾವು, ಎತ್ತಿದ ಜಾಗ ಏನಾಯಿತೆಂದು ಕೇಳುವುದೇ ಇಲ್ಲ.

ಅಳಿಯನು ನರಗುಂದಕ್ಕೆ ಹೋಗಿ, ಅಲ್ಲಿಯ ಬಡಿಗರಿಂದ ಅದೇ ಅಳತೆಯ ಹೊಸ ಗೂಟವೊಂದನ್ನು ಕರಿಜಾಲಿಯಲ್ಲಿ ಮಾಡಿಸಿ ತಂದನು. ಹೊಸದನ್ನು ಅವನು ಒಯ್ಯಲಿ, ಹಳೆಯದು ಕಲ್ಲಿನಲ್ಲಿಯೇ ಇರಲಿ ಎಂದು ನಾನು ತೀರ್ಪು ಕೊಟ್ಟೆ. ತಾಯಿ ನಕ್ಕುಬಿಟ್ಟಳು.

“ಹಳೇದು ಸಡ್ಲಾಗಿ ವರ್ಷಾತು, ಅರಿವಿ ಸುತ್ತಿ ಬಿಗದಿದ್ದೆ. ಹೊಸಾದು ಕಲ್ಲಿಗಿರಲಿ, ಹಳೇದು ಅಂವ ಒಯ್ಯಲಿ. ಅದೇನ್ ಮೊದಲಿನ ಗೂಟ ಅಂತ ಮಾಡೀಯೇನು? ಅದು ಮೂರನೇದು.”

ನಾನು ಪರಂಪರೆಯೆಂದು ಕಣ್ಣಿಗೆ ಒತ್ತಿಕೊಂಡದ್ದು ಮೂರನೆಯ ಗೂಟವಾಗಿತ್ತು! ಸವೆದದ್ದನ್ನು ಬಿಟ್ಟು, ತಿರುಗುವುದನ್ನು ಉಳಿಸಿಕೊಂಡು ಬಂದದ್ದರಿಂದಲೇ ಆ ಕಲ್ಲು ಇಲ್ಲಿಯ ವರೆಗೆ ಕಲ್ಲಾಗಿ ಉಳಿದಿದೆ.

ಹಳೆಯ ಗೂಟ ಈಗ ಓರೆಗಾನಿನಲ್ಲಿದೆ. ತಿರುಪು ಸರಿಯಾಗಿ ಕೂತಿದೆಯೆಂದು ಚಿತ್ರ ಬಂದಿದೆ. ಇಲ್ಲಿಯ ನಾಲ್ಕನೆಯ ಗೂಟ ಇನ್ನೂ ಒರಟು. ಎಂಬತ್ತರ ಹತ್ತಿರದ ತಾಯಿಯ ಕೈಗೆ ಅದು ಒಗ್ಗಲೊಲ್ಲದು. ನನ್ನ ಹೆಂಡತಿಗೆ ಮಿಕ್ಸರ್ ಇದೆ. ಕೈ ಬೀಳದೆ ಗೂಟ ನುಣುಪಾಗದು. ಕಳೆದ ಆದಿತ್ಯವಾರ ಹೆಸರು ಒಡೆಯಲು ನಾನೇ ಕುಳಿತೆ. ಅರ್ಧ ಸೇರು ಮುಗಿಯುವುದರೊಳಗೆ ಅಂಗೈಯಲ್ಲಿ ಬೊಬ್ಬೆ ಎದ್ದಿತು. ಉಳಿದರ್ಧವನ್ನು ಬರುವ ವಾರಕ್ಕೆ ಇಟ್ಟಿದ್ದೇನೆ.