ಗಿರಾಕಿಗಳಿಲ್ಲದ ಸಂತೆ

ಅಗಲ 90 ಸೆಂಟಿಮೀಟರ್, ಆಳ 45 ಸೆಂಟಿಮೀಟರ್. ಅಂದರೆ ಉದ್ದ ಮೇಜಿನ ಅರ್ಧ ಭಾಗ, ಅದರ ಹಿಂದೆ ಎರಡು ಕುರ್ಚಿ. ಟೋಕಿಯೊದಲ್ಲಿ ಆಗಸ್ಟಿಗೊಮ್ಮೆ, ಡಿಸೆಂಬರಿಗೊಮ್ಮೆ ನೆರೆಯುವ ಕಾಮಿಕ್ ಮಾರ್ಕೆಟ್‌ನಲ್ಲಿ ಒಂದು ಗುಂಪಿಗೆ ಸಾಮಾನ್ಯವಾಗಿ ಸಿಗುವ ಜಾಗ ಇಷ್ಟೇ. ಆ ಅರ್ಧ ಮೇಜಿಗೆ ಬಟ್ಟೆ ಹಾಸಿ, ತಾವೇ ಕಥೆ ಕಟ್ಟಿ, ತಾವೇ ಚಿತ್ರ ಬಿಡಿಸಿ, ಕೈಯಿಂದ ದುಡ್ಡು ಹಾಕಿ ಅಚ್ಚು ಮಾಡಿಸಿದ ತೆಳ್ಳನೆಯ ಪುಸ್ತಕಗಳನ್ನು ಜೋಡಿಸಿಡುತ್ತಾರೆ. ಪಕ್ಕದಲ್ಲೊಂದು ಬೆಲೆಯ ಚೀಟಿ, ಚಿಲ್ಲರೆ ಡಬ್ಬಿ. ಬಂದವರು ಪುಸ್ತಕ ಎತ್ತಿ ನಾಲ್ಕು ಪುಟ ತಿರುವುತ್ತಾರೆ. ಬರೆದವಳು ಎದುರಿಗೇ ಕೂತಿರುತ್ತಾಳೆ. ಇಷ್ಟವಾದರೆ ನಾಣ್ಯ ಎಣಿಸಿ ಕೊಳ್ಳುತ್ತಾರೆ, ಇಲ್ಲವಾದರೆ ತಲೆಬಾಗಿ ಮುಂದಕ್ಕೆ ಹೋಗುತ್ತಾರೆ. ಇಂಥ ಅರ್ಧ ಮೇಜುಗಳು ಅಲ್ಲಿ ಸಾವಿರಗಟ್ಟಲೆ. 2019ರ ಡಿಸೆಂಬರಿನಲ್ಲಿ ನಾಲ್ಕು ದಿನ ನಡೆದ ಮೇಳಕ್ಕೆ ಬಂದವರ ಲೆಕ್ಕ 7.5 ಲಕ್ಷ.

ಲಕ್ಷದ ಲೆಕ್ಕ ಕೇಳಿ ಬೆರಗಾಗುವುದು ಸುಲಭ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಮೇಳ ನಡೆಸುವವರು ಹಿಡಿದುಕೊಂಡು ಬಂದಿರುವ ಒಂದು ಕಟ್ಟಳೆ. ಇಲ್ಲಿ ಗಿರಾಕಿ ಅನ್ನುವವರು ಯಾರೂ ಇಲ್ಲ. ಮೇಜಿನ ಹಿಂದೆ ಕೂತವರು, ಸಾಲಿನಲ್ಲಿ ನಿಂತವರು, ಸಂಬಳವಿಲ್ಲದೆ ಆ ಸಾಲು ನಿಭಾಯಿಸುವ ಕಾರ್ಯಕರ್ತರು, ಎಲ್ಲರೂ ಮೇಳದಲ್ಲಿ ಭಾಗವಹಿಸುವವರೇ. ದುಡ್ಡು ಕೊಟ್ಟಿದ್ದೇನೆ ಎಂದು ದಬಾಯಿಸುವ ಹಕ್ಕು ಯಾರಿಗೂ ಇಲ್ಲ, ಕೊಳ್ಳಲು ಬಂದವನಿಗೂ ಮೇಳ ಸಾಂಗವಾಗಿ ನಡೆಯುವ ಹೊಣೆಯಲ್ಲಿ ಪಾಲಿದೆ. ಬೆಳಗ್ಗೆ ಮೇಳ ಶುರುವಾದಾಗ, ಸಂಜೆ ಮುಗಿದಾಗ ಇಡೀ ಸಭಾಂಗಣ ಚಪ್ಪಾಳೆ ತಟ್ಟುತ್ತದೆ. ಆ ಚಪ್ಪಾಳೆ ಯಾವ ತಾರೆಗೂ ಅಲ್ಲ, ನೆರೆದವರು ಒಬ್ಬರಿಗೊಬ್ಬರು ಹೊಡೆದುಕೊಳ್ಳುವಂಥದ್ದು. ಅಭಿಮಾನಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡನ್ನು ಜಗತ್ತಿನಲ್ಲಿ ಬೇರೆಲ್ಲೂ ಯಾರೂ ಮಾಡಿಲ್ಲ ಎಂದೇ ನನ್ನ ತೀರ್ಮಾನ.

ಇದನ್ನು ಕಟ್ಟಿದವರು ವಿಮರ್ಶಕರು ಎಂಬುದು ವಿಮರ್ಶೆ ಬರೆಯುವ ನನಗೆ ವಿಶೇಷ ಖುಷಿಯ ಸಂಗತಿ. ಎಪ್ಪತ್ತರ ದಶಕದಲ್ಲಿ ಜಪಾನಿನ ಚಿತ್ರಕಥೆಗಳನ್ನು, ಅಂದರೆ ಮಾಂಗಾವನ್ನು, ಗಂಭೀರವಾಗಿ ಚರ್ಚಿಸುತ್ತಿದ್ದ ಮೇಯ್ಕ್ಯೂ ಎಂಬ ಪುಟ್ಟ ಗುಂಪಿತ್ತು. ಯೊನೆಜಾವಾ ಯೊಶಿಹಿರೊ ಅದರಲ್ಲೊಬ್ಬರು. ಆಗಿದ್ದ ಮಾಂಗಾ ಸಮ್ಮೇಳನವೊಂದು, ತನ್ನನ್ನು ಟೀಕಿಸಿದ ಅಭಿಮಾನಿಯೊಬ್ಬರಿಗೆ ಒಳಗೆ ಬರಲು ಬಿಡಲಿಲ್ಲ. ಮೇಯ್ಕ್ಯೂ ಗುಂಪಿನವರು ಅದನ್ನು ಪ್ರತಿಭಟಿಸಿ, 1975ರ ಡಿಸೆಂಬರ್ 21ರಂದು ತಮ್ಮದೇ ಮೇಳ ಶುರು ಮಾಡಿದರು. ಅಂದು ಬಂದದ್ದು 32 ಗುಂಪುಗಳು, ಸುಮಾರು 700 ಜನ. ಅವರಲ್ಲಿ ಹೆಚ್ಚಿನವರು ಹೈಸ್ಕೂಲು ವಯಸ್ಸಿನ ಹುಡುಗಿಯರು, ಹಾಗಿಯೊ ಮೊಟೊರಂಥ ಲೇಖಕಿಯರ ಕಥೆಗಳಿಗೆ ಮನಸೋತವರು. ಗೀಕ್, ಅಂದರೆ ಇಂಥ ಹುಚ್ಚಿನ ಅಭಿಮಾನಿ, ಅಂದಕೂಡಲೆ ಕನ್ನಡಕ ಹಾಕಿದ ಹುಡುಗನನ್ನೇ ನೆನೆಯುವವರು ಇದನ್ನು ಗಮನಿಸಬೇಕು. ಆಮೇಲೂ ಬಹುಕಾಲ ಅಲ್ಲಿ ಮೇಜಿನ ಹಿಂದೆ ಕೂತವರಲ್ಲಿ ಹೆಂಗಸರ ಸಂಖ್ಯೆಯೇ ಹೆಚ್ಚು. 1980ರಿಂದ 2006ರಲ್ಲಿ ತೀರಿಕೊಳ್ಳುವವರೆಗೆ ಯೊನೆಜಾವಾ ಈ ಮೇಳ ನಡೆಸಿದರು. ಅವರ ಪುಸ್ತಕ ಸಂಗ್ರಹ ಈಗ ಮೇಯ್ಜಿ ವಿಶ್ವವಿದ್ಯಾಲಯದಲ್ಲಿ ಅವರ ಹೆಸರಿನದೇ ಗ್ರಂಥಾಲಯವಾಗಿದೆ.

ಆ ತೆಳು ಪುಸ್ತಕಗಳಲ್ಲಿ ಏನಿರುತ್ತದೆ? ಸ್ವಂತ ಕಥೆಗಳಿರುತ್ತವೆ, ರೈಲು, ಅಡುಗೆ, ಹಳೆಯ ಕಂಪ್ಯೂಟರುಗಳ ಬಗ್ಗೆ ತಲೆಕೆಡಿಸಿಕೊಂಡು ಬರೆದ ಕೈಪಿಡಿಗಳಿರುತ್ತವೆ. ಆದರೆ ದೊಡ್ಡ ಪಾಲು, ಬೇರೆಯವರು ಸೃಷ್ಟಿಸಿದ ಪಾತ್ರಗಳನ್ನು ಎತ್ತಿಕೊಂಡು ಮುಂದುವರಿಸಿದ ಕಥೆಗಳದು. ಎಂಬತ್ತರ ದಶಕದ ನಡುವಿನಲ್ಲಿ ‘ಕ್ಯಾಪ್ಟನ್ ತ್ಸುಬಾಸಾ’ ಎಂಬ ಫುಟ್‌ಬಾಲ್ ಚಿತ್ರಕಥೆ ಹುಡುಗರಿಗೆಂದು ಬರುತ್ತಿತ್ತು. ಅದನ್ನು ಓದಿದ ಹುಡುಗಿಯರು ಆಟಗಾರರ ನಡುವಿನ ಒಲವು ಮುನಿಸುಗಳನ್ನು ತಮಗೆ ತೋಚಿದಂತೆ ಬರೆದು ಮೇಳವನ್ನೇ ತುಂಬಿಸಿಬಿಟ್ಟರು. ಕ್ಲ್ಯಾಂಪ್ ಎಂಬ ಹೆಂಗಸರ ತಂಡ ಬೆಳೆದು ಬಂದದ್ದೂ ಇಂಥ ಅಭಿಮಾನಿ ಪುಸ್ತಕಗಳ ಲೋಕದಿಂದಲೇ. 1989ರಲ್ಲಿ ಅವರು ವೃತ್ತಿಗೆ ಇಳಿದಾಗ ಮೊದಲು ಕೊಟ್ಟದ್ದು ‘ಆರ್‌ಜಿ ವೇದ’. ಹೆಸರೇ ಹೇಳುವಂತೆ ನಮ್ಮ ಇಂದ್ರನೂ ಅಸುರರೂ ಅಲ್ಲಿ ಹೊಸ ವೇಷ ತೊಟ್ಟು ಬರುತ್ತಾರೆ.

ಇದು ಕದ್ದ ಮಾಲು, ಸ್ವಂತಿಕೆಯಿಲ್ಲದವರ ಕಸರತ್ತು ಎಂದು ಮೂಗು ಮುರಿಯುವವರು ಉಂಟು. ಕನ್ನಡದವರಿಗೆ ಆ ಮಾತು ಒಪ್ಪುವಂಥದ್ದಲ್ಲ. ವ್ಯಾಸರ ಭಾರತವನ್ನು ಕೈಗೆತ್ತಿಕೊಂಡ ಪಂಪ ದ್ರೌಪದಿಯನ್ನು ಅರ್ಜುನನೊಬ್ಬನಿಗೇ ಮದುವೆ ಮಾಡಿಸಿದ, ಅರ್ಜುನನಲ್ಲಿ ತನ್ನ ದೊರೆ ಅರಿಕೇಸರಿಯನ್ನು ಕಂಡ, ಅಷ್ಟಾಗಿಯೂ ಕರ್ಣನ ಮೇಲಿನ ಒಲವನ್ನು ಮುಚ್ಚಿಡಲಿಲ್ಲ. ಯಕ್ಷಗಾನದ ಅರ್ಥಧಾರಿ ಇವತ್ತಿಗೂ ಗೊತ್ತಿರುವ ಪಾತ್ರದ ಬಾಯಲ್ಲಿ ಗೊತ್ತಿಲ್ಲದ ಮಾತು ಆಡಿಸುತ್ತಾನೆ, ನಾವು ರಾತ್ರಿಯಿಡೀ ಕೂತು ಕೇಳುತ್ತೇವೆ. ಫುಟ್‌ಬಾಲ್ ಕಥೆಯನ್ನು ಮುಂದುವರಿಸಿದ ಹದಿನಾರರ ಹುಡುಗಿಯನ್ನು ಪಂಪನ ಸಮಕ್ಕೆ ನಿಲ್ಲಿಸುವುದು ನನ್ನ ಉದ್ದೇಶವಲ್ಲ. ಆದರೆ ಮೆಚ್ಚಿದ ಕಥೆಯೊಳಗೆ ಹೊಕ್ಕು ಅದನ್ನು ತನ್ನದಾಗಿಸಿಕೊಳ್ಳುವ ಹಂಬಲ ಇಬ್ಬರದೂ ಒಂದೇ ಜಾತಿಯದು.

ವ್ಯತ್ಯಾಸವಿರುವುದು ಕಾನೂನಿನಲ್ಲಿ. ವ್ಯಾಸರು ದೂರು ಕೊಡಲಾರರು, ಕಂಪನಿಗಳು ಕೊಡಬಲ್ಲವು. 1999ರಲ್ಲಿ ಪೊಕೆಮಾನ್ ಪಾತ್ರಗಳನ್ನಿಟ್ಟು ಅಶ್ಲೀಲ ಪುಸ್ತಕ ಮಾಡಿದ ಮಹಿಳೆಯೊಬ್ಬರು ಹಕ್ಕುದಾರರ ದೂರಿನ ಮೇಲೆ ಬಂಧನಕ್ಕೊಳಗಾದರು. ಜಪಾನಿನಲ್ಲಿ ಹಕ್ಕುದಾರ ದೂರು ಕೊಟ್ಟರಷ್ಟೇ ಇಂಥ ಮೊಕದ್ದಮೆ ನಡೆಯುತ್ತಿತ್ತು. 2018ರ ಕೊನೆಗೆ ಆ ನಿಯಮ ಬಿಗಿಯಾಯಿತು, ಆದರೆ ಅಭಿಮಾನಿ ಪುಸ್ತಕಗಳು ಸಿಕ್ಕಿಬೀಳದಂತೆ ಷರತ್ತುಗಳನ್ನು ಇಟ್ಟರು. ಹೀಗೆ ಇಡೀ ಮೇಳ ನಿಂತಿರುವುದು ಕಂಪನಿಗಳು ಕಂಡೂ ಕಾಣದಂತಿರುವ ಔದಾರ್ಯದ ಮೇಲೆ. ಅದು ಗಟ್ಟಿ ನೆಲವಲ್ಲ. ಈ ಅರೆಬರೆ ಸ್ಥಿತಿಯನ್ನೇ ಹೊಗಳಿ ಬರೆಯುವವರಿದ್ದಾರೆ, ನಾನು ಆ ಪೈಕಿ ಅಲ್ಲ. ಐವತ್ತು ವರ್ಷ ನಡೆದ ಪದ್ಧತಿಗೆ ಬರಹದಲ್ಲಿ ಹಕ್ಕು ಸಿಗಬೇಕು.

ದೋಷಗಳು ಇನ್ನೂ ಇವೆ. ಗಿರಾಕಿಗಳಿಲ್ಲ ಎಂಬ ಕಟ್ಟಳೆಯೇ ಇತ್ತೀಚೆಗೆ ಸವೆಯುತ್ತಿದೆ. ತೊಂಬತ್ತರ ದಶಕದಿಂದ ಕಂಪನಿಗಳ ಮಳಿಗೆಗಳೂ ಒಳಗೆ ಬಂದವು, ಅವುಗಳ ಮುಂದಿನ ಸಾಲು ಮಾಮೂಲಿ ಅಂಗಡಿಯ ಸಾಲೇ. ಹೆಸರಾದ ಗುಂಪಿನ ಪುಸ್ತಕ ಕೊಂಡು ಹೊರಗೆ ದುಬಾರಿ ಬೆಲೆಗೆ ಮಾರುವವರಿದ್ದಾರೆ. ನಿಷೇಧವಿದ್ದರೂ ಹಿಂದಿನ ರಾತ್ರಿಯೇ ಬಂದು ಸಾಲು ಹಿಡಿಯುವವರಿದ್ದಾರೆ. 2019ರಲ್ಲಿ ಪ್ರವೇಶ ದರ ಬಂತು, ಕೊರೊನಾದಿಂದ ನಿಂತಿದ್ದ ಮೇಳ 2021ರ ಡಿಸೆಂಬರಿನಲ್ಲಿ ಮತ್ತೆ ಶುರುವಾದಾಗ ಅದರ ಜೊತೆಗೆ ಜನರ ಮಿತಿಯೂ ಸೇರಿತು. ಟಿಕೆಟ್ ಕೊಂಡವನಿಗೆ ‘ನೀನು ಗಿರಾಕಿಯಲ್ಲ’ ಎಂದು ಮನವರಿಕೆ ಮಾಡುವುದು ಕಷ್ಟ. ಮಾರಾಟಕ್ಕಿಡುವ ಕಾಮಪ್ರಧಾನ ಪುಸ್ತಕಗಳ ಪ್ರಮಾಣ ಸಣ್ಣದಲ್ಲ. ಇದೇ ಕಾರಣಕ್ಕೆ 1991ರಲ್ಲಿ, ಆಗ ಮೇಳ ನಡೆಯುತ್ತಿದ್ದ ಮಕುಹಾರಿಯ ಸಭಾಂಗಣ ಕೈತಪ್ಪಿತು. ಅಂದಿನಿಂದ ಹೊಸ ಪುಸ್ತಕಗಳ ಮಾದರಿ ಪ್ರತಿಯನ್ನು ಕಾರ್ಯಕರ್ತರು ಪರಿಶೀಲಿಸುವ ಕ್ರಮ ಇನ್ನೂ ಬಿಗಿಯಾಯಿತು. ಆ ಕಾಮಪ್ರಧಾನ ಪುಸ್ತಕಗಳಲ್ಲಿ ಕೆಲವು, ಅದರಲ್ಲೂ ಎಳೆಯ ಪಾತ್ರಗಳನ್ನು ಬಳಸಿಕೊಳ್ಳುವಂಥವು, ನನಗೆ ಅಸಹ್ಯ ಹುಟ್ಟಿಸುತ್ತವೆ. ಅಭಿಮಾನ ಎಂಬ ಹೆಸರಿನಲ್ಲಿ ಅವನ್ನು ಸಮರ್ಥಿಸಲು ನನ್ನಿಂದಾಗದು.

ಇಷ್ಟನ್ನೂ ತೂಗಿ ನೋಡಿದ ಮೇಲೂ ತಕ್ಕಡಿ ಮೇಳದ ಕಡೆಗೇ ವಾಲುತ್ತದೆ. ಕಾರಣ ಆ ಅರ್ಧ ಮೇಜು. ಅಲ್ಲಿ ಕೂತವರಲ್ಲಿ ಬಹುಪಾಲು ಮಂದಿಗೆ ಹಾಕಿದ ದುಡ್ಡೂ ಹುಟ್ಟುವುದಿಲ್ಲ. ಆದರೂ ಆರು ತಿಂಗಳಿಗೆ ಮತ್ತೊಂದು ಪುಸ್ತಕ ಹಿಡಿದು ಬರುತ್ತಾರೆ. ಜಾಗಕ್ಕೆ ಅರ್ಜಿ ಹಾಕುವವರು ಹೆಚ್ಚಾದ್ದರಿಂದ ಚೀಟಿ ಎತ್ತಬೇಕಾಗುತ್ತದೆ.

ಬೆಂಗಳೂರಿನಲ್ಲೂ ದಶಕಕ್ಕೂ ಹೆಚ್ಚು ಕಾಲದಿಂದ ಕಾಮಿಕ್ ಕಾನ್ ನಡೆಯುತ್ತಿದೆ. ನಮ್ಮ ಹುಡುಗ ಹುಡುಗಿಯರು ತಿಂಗಳುಗಟ್ಟಲೆ ಹೊಲಿದ ವೇಷ ತೊಟ್ಟು ಬರುವುದು ಕಣ್ಣಿಗೆ ಹಬ್ಬ, ಅಲ್ಲಿ ಕಲಾವಿದರ ಮೇಜುಗಳೂ ಉಂಟು. ಆದರೆ ಅಲ್ಲಿಗೆ ಹೋಗುವವರು ಟಿಕೆಟ್ ಕೊಂಡು, ಟೀ ಶರ್ಟು ಕೊಂಡು, ಫೋಟೊ ಹೊಡೆಸಿಕೊಂಡು ಬರುವವರೇ ಹೆಚ್ಚು. ಓದುಗನೇ ಬರಹಗಾರನಾಗುವ ಅಭ್ಯಾಸ ನಮಗೆ ಹೊಸದೇನಲ್ಲ. ಶಾಲೆ ಕಾಲೇಜುಗಳ ಕೈಬರಹದ ಪತ್ರಿಕೆ, ಗೋಡೆ ಪತ್ರಿಕೆಗಳು ಎಷ್ಟೋ ಕನ್ನಡ ಲೇಖಕರ ಮೊದಲ ಮೆಟ್ಟಿಲು. ಅವು ಈಗ ಅಪರೂಪವಾಗಿವೆ. ನಮ್ಮ ಊರಿನ ಮೇಳಗಳನ್ನು ನಡೆಸುವವರು ಒಂದು ಸಾಲು ಅರ್ಧ ಮೇಜುಗಳನ್ನು ಶಾಲಾ ಕಾಲೇಜು ಮಕ್ಕಳಿಗೆ ಬಾಡಿಗೆಯಿಲ್ಲದೆ ಬಿಟ್ಟುಕೊಡಲಿ, ಕನ್ನಡದಲ್ಲಿ ಮಾಡಿದ ಪುಸ್ತಕಗಳನ್ನು ಕೇಳಿ ತರಿಸಲಿ. ಅಲ್ಲಿಯವರೆಗೆ, ನೋಟ್‌ಬುಕ್ಕಿನ ಕೊನೆಯ ಪುಟಗಳಲ್ಲಿ ನರುಟೊವನ್ನೋ ಸ್ಪೈಡರ್‌ಮ್ಯಾನನ್ನೋ ಬರೆಯುತ್ತ ಕೂರುವ ಮಗು ನಿಮ್ಮ ಮನೆಯಲ್ಲಿದ್ದರೆ, ಬೈಯಬೇಡಿ. ಹದಿನಾರು ಪುಟ ತುಂಬಿಸಲು ಹೇಳಿ, ಇಪ್ಪತ್ತು ಪ್ರತಿ ಜೆರಾಕ್ಸ್ ಮಾಡಿಸಿ, ಪಿನ್ ಹೊಡೆದು ಕೈಗೆ ಕೊಡಿ.