ಜೈನ ಪರೀಕ್ಷಾಗ್ರಂಥಗಳಲ್ಲಿ ವಿಡಂಬನೆಯ ಸ್ವರೂಪ

ಭಾರತೀಯ ಅಲಂಕಾರಶಾಸ್ತ್ರದಲ್ಲಿ ವಿಡಂಬನೆಗೆ ಸ್ವತಂತ್ರ ಸ್ಥಾನವಿಲ್ಲ. ಹಾಸ್ಯರಸ, ಪ್ರಹಸನ, ವ್ಯಾಜಸ್ತುತಿಗಳ ಪ್ರಸಂಗದಲ್ಲಿ ಅದರ ಛಾಯೆ ಕಾಣುವುದಷ್ಟೆ. ಆದುದರಿಂದ ಕನ್ನಡ ಜೈನಕವಿಗಳ ಪರಮತವಿಮರ್ಶೆಯನ್ನು ಬರಿಯ ಮತದೂಷಣೆಯೆಂದು ತಳ್ಳುವುದೂ, ಸಮಾಜಚರಿತ್ರೆಯ ಸಾಮಗ್ರಿಯೆಂದು ಮಾತ್ರ ಎಣಿಸುವುದೂ ಸುಲಭವಾಗಿದೆ. ಈ ಗ್ರಂಥಗಳು ತಮ್ಮನ್ನು ‘ಪರೀಕ್ಷೆ’ಯೆಂದು ಕರೆದುಕೊಂಡಿವೆ. ಇಲ್ಲಿ ನಗೆಯು ಸಾಧನ, ಆಪ್ತನಿರ್ಣಯವೇ ಸಾಧ್ಯ.

ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ಯದು ನೇರವಾದ ಶೈಲಿ. ಅನ್ಯಮತದಿಂದ ಜೈನಧರ್ಮಕ್ಕೆ ಬಂದ ಈ ಕವಿ ಕ್ಷುದ್ರದೇವತೆಗಳ ಆರಾಧನೆಯನ್ನು ಮುಚ್ಚುಮರೆಯಿಲ್ಲದೆ ಹಳಿಯುತ್ತಾನೆ. ಅದೇ ಶತಮಾನದಲ್ಲಿ, ಬಾಗೇವಾಡಿಯ ಬಸವಣ್ಣನ ವಚನಗಳೂ ಇದೇ ಗುರಿಯತ್ತ ಕೈದೋರಿದುವೆಂಬುದು ಕುತೂಹಲದ ಸಂಗತಿ. ಮತದಲ್ಲಿ ಎದುರಾದವರು ವಿಡಂಬನೆಯಲ್ಲಿ ನೆರೆಯವರು. ಆದರೆ ಬ್ರಹ್ಮಶಿವನಲ್ಲಿ ಕೋಪವು ಮುಂದಾದೆಡೆ ಎದುರಾಳಿಗೆ ಮಾತನಾಡಲು ಎಡೆಯೇ ಉಳಿಯದು. ಮುಳುಗುಂದದ ನಯಸೇನನು ‘ಧರ್ಮಾಮೃತ’ದಲ್ಲಿ (ಕ್ರಿ.ಶ. ೧೧೧೨) ಹಳ್ಳಿಯ ಹೋಲಿಕೆಗಳಿಂದಲೇ ಮೌಢ್ಯವನ್ನು ನಗುತ್ತಾನೆ, ಅವುಗಳ ಸುರಿಮಳೆಯಲ್ಲಿ ಕಥೆಯು ಮರೆಯಾಗುವುದೂ ಉಂಟು.

ವೃತ್ತವಿಲಾಸನ ‘ಧರ್ಮಪರೀಕ್ಷೆ’ಯ ರೀತಿ ಬೇರೆ. ಹರಿಭದ್ರನ ಪ್ರಾಕೃತ ‘ಧೂರ್ತಾಖ್ಯಾನ’ದಲ್ಲಿ ಕಾಣುವ ಪ್ರತಿಕಥೆಯ ತಂತ್ರವು ಹರಿಷೇಣನ ಅಪಭ್ರಂಶ ಕೃತಿಯಲ್ಲಿಯೂ (ವಿಕ್ರಮ ಸಂವತ್ ೧೦೪೪), ಅಮಿತಗತಿಯ ಸಂಸ್ಕೃತ ಕೃತಿಯಲ್ಲಿಯೂ (ವಿ. ಸಂ. ೧೦೭೦) ಬೆಳೆದು, ಅಮಿತಗತಿಯ ಮೂಲಕ ಕನ್ನಡಕ್ಕೆ ಇಳಿಯಿತು. ಪಾಟಲೀಪುತ್ರದ ವಿದ್ವತ್ಸಭೆಯಲ್ಲಿ ಮನೋವೇಗನು ನಂಬಲಾಗದ ಕಥೆಯನ್ನು ಹೇಳುತ್ತಾನೆ, ಸಭೆಯು ನಗುತ್ತದೆ, ಅಂತಹುದೇ ಸಂಗತಿಯನ್ನು ಅವನು ಅವರ ಪುರಾಣಗಳಿಂದಲೇ ಎತ್ತಿ ತೋರಿಸುತ್ತಾನೆ. ತೀರ್ಪು ಎದುರಾಳಿಯ ಬಾಯಿಂದಲೇ ಹೊರಡುವುದರಿಂದ ಈ ಶೈಲಿಯೇ ಮೇಲೆನ್ನಬೇಕು.

ಆದರೂ ಈ ಕಥೆಗಳೆಲ್ಲ ಒಂದೇ ಬಗೆಯವಲ್ಲ. ಕಮಂಡಲುವಿನೊಳಕ್ಕೆ ಆನೆಯು ಅಟ್ಟಿಸಿಕೊಂಡು ಬಂದು, ಹೊರಡುವಾಗ ಬಾಲದ ಕೂದಲು ಸಿಕ್ಕಿಕೊಂಡ ಕಥೆಯು ಅಸಂಭವವನ್ನು ನಗುತ್ತದೆ. ಬೆಕ್ಕಿನ ಪ್ರಸಂಗ ಹಾಗಲ್ಲ. ತನ್ನ ಗಂಧದಿಂದಲೇ ಹನ್ನೆರಡು ಯೋಜನದವರೆಗೆ ಇಲಿಗಳನ್ನು ಓಡಿಸುವ ಬೆಕ್ಕೆಂದು ಹೊಗಳಿ ತಂದುದರ ಕಿವಿಯನ್ನು ಇಲಿಗಳೇ ಕಡಿದಿವೆ! ಒಂದು ದೋಷದಿಂದ ಉಳಿದ ಗುಣವೂ ಸುಳ್ಳಾಯಿತೆಂದು ಸಭೆ ಹೇಳಿದೊಡನೆ, ರಾಗದ್ವೇಷವುಳ್ಳ ದೇವರ ಮಾತು ಬರುತ್ತದೆ.

ಮೊದಲನೆಯ ಬಗೆಯು ಇಬ್ಬಾಯಿಯ ಕತ್ತಿ. ಐನೂರು ಧನುಸ್ಸಿನ ಎತ್ತರ, ಎಂಬತ್ತನಾಲ್ಕು ಲಕ್ಷ ಪೂರ್ವಗಳ ಆಯುಷ್ಯವುಳ್ಳ ಆದಿತೀರ್ಥಂಕರನ ಚರಿತವನ್ನು ಓದುವವನು ಅಸಂಭವವನ್ನು ಮಾತ್ರ ಹಿಡಿದು ಅನ್ಯರನ್ನು ನಗಲಾರ. ಎರಡನೆಯ ಬಗೆಗೆ ಈ ಭಯವಿಲ್ಲ; ಅದರ ಅಡಿಗಲ್ಲು ನಿರ್ದೋಷನಾದ ಆಪ್ತನ ಲಕ್ಷಣ. ದೇವಾಗಮನ, ಆಕಾಶಗಮನ ಮೊದಲಾದುವು ಮಾಯಾವಿಗಳಲ್ಲಿಯೂ ಕಾಣುವುದರಿಂದ ಅವು ಜಿನನ ಮಹತ್ತ್ವಕ್ಕೆ ಪ್ರಮಾಣವಲ್ಲವೆಂದು ಸಮಂತಭದ್ರಾಚಾರ್ಯರೇ ‘ಆಪ್ತಮೀಮಾಂಸೆ’ಯ ಆರಂಭದಲ್ಲಿ ಹೇಳಿರುವರಷ್ಟೆ. ಪರೀಕ್ಷೆಯನ್ನು ಸ್ವಮತಕ್ಕೂ ಒಡ್ಡಿದ ಆ ನಿಲುವಿಗೆ ಬೆಕ್ಕಿನ ಕಥೆ ಸಮೀಪ, ಆನೆಯ ಕಥೆ ದೂರ.

ಪಾಠನಿರ್ಣಯದಲ್ಲಿಯೂ ಇದು ಗಮನಾರ್ಹ. ಓಲೆಗರಿಯ ಪ್ರತಿಗಳಲ್ಲಿ ಒರಟಾದ ದೇಶ್ಯಪದವೂ ಸಭ್ಯವಾದ ಸಂಸ್ಕೃತಪದವೂ ಪಾಠಾಂತರಗಳಾಗಿ ನಿಂತಲ್ಲಿ, ಛಂದಸ್ಸು ಎರಡಕ್ಕೂ ಒಪ್ಪುವುದಾದರೆ, ಸಂಪಾದಕನು ದೇಶ್ಯವನ್ನು ಅಡಿಟಿಪ್ಪಣಿಗೆ ತಳ್ಳಬಾರದು. ಆ ಪದದಲ್ಲಿಯೇ ಕವಿಯ ನಗೆಯಿರಬಹುದು.