ನಗರ 53 ಎಲ್ಲಿದೆ? ವಿದ್ಯಾರ್ಥಿಗಳ ಅಡಿಟಿಪ್ಪಣಿಗಳ ಬಗ್ಗೆ ಒಂದು ತಕರಾರು

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯ ವಿದ್ಯಾರ್ಥಿಗಳು ಬರೆದ ಹನ್ನೊಂದು ಸಂಶೋಧನ ಪ್ರಬಂಧಗಳನ್ನು ಓದಿ ಅಭಿಪ್ರಾಯ ಕೊಡುವ ಕೆಲಸ ಕಳೆದ ತಿಂಗಳು ನನ್ನ ಪಾಲಿಗೆ ಬಂತು. ಎಲ್ಲವೂ ತಂತಮ್ಮ ತಾಲ್ಲೂಕಿನ ಶಾಸನ, ವೀರಗಲ್ಲು, ದೇವಸ್ಥಾನ, ಬಸದಿಗಳ ಬಗ್ಗೆ. ಆಸಕ್ತಿಗೆ ಕೊರತೆ ಇಲ್ಲ. ಮಳೆಗಾಲದಲ್ಲಿ ಅಡಿಕೆ ತೋಟಕ್ಕೆ ಇಳಿದು, ಇಂಬಳ ಕಚ್ಚಿಸಿಕೊಂಡು ಕಲ್ಲು ಹುಡುಕಿದವರೂ ಇದ್ದಾರೆ. ನನ್ನ ತಕರಾರು ಇರುವುದು ಪುಟದ ಕೆಳಗಿನ ಸಣ್ಣ ಅಕ್ಷರಗಳ ಬಗ್ಗೆ.

ಹುಂಚದ ಸಾಂತರರ ಮೇಲೆ ನಾಲ್ಕು ಪ್ರಬಂಧಗಳಿದ್ದವು. ಅದರಲ್ಲಿ ಮೂರರಲ್ಲಿ ಒಂದೇ ಅಡಿಟಿಪ್ಪಣಿ: ‘ಎ.ಕ. 8, ನಗರ 53, ಸಂ. ಬಿ.ಎಲ್. ರೈಸ್, 1904’. ಮೇಲಿನ ವಿವರಣೆ ಮಾತ್ರ ಚಟ್ಟಲದೇವಿ ಪಂಚಕೂಟ ಬಸದಿ ಕಟ್ಟಿಸಿದ 1077ರ ಶಾಸನದ್ದು. ಆ ಶಾಸನದ ಸಂಖ್ಯೆ ನಗರ 35. ನಗರ 53 ಬೇರೆಯೇ ಒಂದು ಶಾಸನ.

ಈ 53 ಎಲ್ಲಿಂದ ಬಂತು ಅಂತ ನನಗೆ ಚೆನ್ನಾಗಿ ಗೊತ್ತು. ಕೆಲವು ವರ್ಷಗಳ ಹಿಂದೆ ಒಂದು ಸ್ಮರಣ ಸಂಚಿಕೆಗೆ ನಾನು ಬರೆದ ಲೇಖನದಲ್ಲಿ ಅಂಕಿ ಹಿಂದುಮುಂದಾಗಿತ್ತು. ಕರಡು ತಿದ್ದಿದವನೂ ನಾನೇ. ಮೂವರೂ ನನ್ನ ಲೇಖನ ಓದಿದ್ದಾರೆ, ರೈಸ್ ಸಂಪುಟ ತೆರೆದಿಲ್ಲ, ಆದರೆ ಟಿಪ್ಪಣಿಯಲ್ಲಿ ರೈಸ್ ಹೆಸರು ಹಾಕಿದ್ದಾರೆ. ನನ್ನ ಹೆಸರು ಬರಲಿಲ್ಲ ಅನ್ನುವ ಬೇಸರ ನನಗಿಲ್ಲ. ಬೇಸರ ಏನೆಂದರೆ, ನನ್ನ ತಪ್ಪು ಈಗ ರೈಸ್ ತಲೆಯ ಮೇಲೆ ಕೂತಿದೆ. ನಾಳೆ ಈ ಪ್ರಬಂಧ ಓದಿದವರು ಅದನ್ನು ಅಲ್ಲಿಂದ ಇಳಿಸುವುದು ಕಷ್ಟ.

ಒಬ್ಬ ಹುಡುಗನಿಗೆ ಫೋನ್ ಮಾಡಿ ಕೇಳಿದೆ. ‘ರೈಸ್ ಸಂಪುಟ ನೋಡಿದ್ದೀಯಾ ಮಾರಾಯ?’ ಅವನು ಸುಳ್ಳು ಹೇಳಲಿಲ್ಲ. ‘ಇಲ್ಲ ಸರ್. ಪ್ರಾಥಮಿಕ ಆಕರ ಹಾಕದಿದ್ರೆ ಅಂಕ ಕಮ್ಮಿ ಆಗ್ತದೆ ಅಂದ್ರು.’ ಆಮೇಲೆ ಸ್ವಲ್ಪ ತಡೆದು, ‘ಅದು ಎಲ್ಲಿ ಸಿಗ್ತದೆ ಸರ್?’ ಅಂದ. ಆ ಸಂಪುಟದ ಸ್ಕ್ಯಾನ್ ಪ್ರತಿ ಇಂಟರ್ನೆಟ್ ಆರ್ಕೈವಿನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಮೊಬೈಲಿನಲ್ಲೇ ಓದಬಹುದು. ಅವನಿಗೆ ಇದನ್ನು ಯಾರೂ ಹೇಳಿಯೇ ಇರಲಿಲ್ಲ. ಹಾಗಾಗಿ ಈ ತಕರಾರಿನಲ್ಲಿ ಅರ್ಧ ನಮಗೆ, ಅಂದರೆ ಕಲಿಸುವವರಿಗೆ ಮತ್ತು ಬರೆಯುವವರಿಗೆ ಸೇರಬೇಕು.

ಅವನಿಗೆ ಹೇಳಿದ್ದನ್ನೇ ಇಲ್ಲಿಯೂ ಹೇಳುತ್ತೇನೆ: ಕೈಯಲ್ಲಿ ಹಿಡಿದು ಓದಿದ್ದು ಯಾವುದೋ ಅದನ್ನೇ ಹೇಳಬೇಕು. ನನ್ನ ಲೇಖನದಿಂದ ತಿಳಿದಿದ್ದರೆ ‘ಎ.ಕ. 8, ನಗರ 53. ಇಂಥವರ ಇಂಥ ಲೇಖನ, ಇಂಥ ಪುಟದಲ್ಲಿ ಉದ್ಧೃತ’ ಅಂತ ಬರೆದರೆ ಸಾಕಿತ್ತು. ಆಗ ತಪ್ಪು ಯಾರ ಮನೆಯದ್ದು ಅಂತ ಓದುಗನಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಇನ್ನು ‘ನಗರ’ ಎಂಬ ಪದ. ಒಂದು ಪ್ರಬಂಧದಲ್ಲಿ ಚಟ್ಟಲದೇವಿಯ ಶಾಸನ ‘ನಗರ ಗ್ರಾಮದಲ್ಲಿದೆ’ ಎಂದೇ ಇದೆ. ರೈಸ್ ಕಾಲದಲ್ಲಿ ಇಡೀ ತಾಲ್ಲೂಕಿನ ಹೆಸರು ನಗರ. ಇವತ್ತಿನ ಹೊಸನಗರ ತಾಲ್ಲೂಕು ಅದೇ. ಸಂಪುಟದಲ್ಲಿ ಸಂಖ್ಯೆ ಕೊಟ್ಟಿರುವುದು ತಾಲ್ಲೂಕುವಾರು. ‘ನಗರ 35’ ಅಂದರೆ ನಗರ ತಾಲ್ಲೂಕಿನ 35ನೇ ಶಾಸನ, ಊರು ಹುಂಚ. ಅಡಿಟಿಪ್ಪಣಿ ನಂಬಿ ಬಿದನೂರು ನಗರಕ್ಕೆ ಹೋದವರು ಶಿವಪ್ಪನಾಯಕನ ಕೋಟೆ, ದೇವಗಂಗೆ ಕೊಳ ನೋಡಿ ಬರಬಹುದು, ಚಟ್ಟಲದೇವಿ ಅಲ್ಲಿ ಸಿಗುವುದಿಲ್ಲ. ಆದ್ದರಿಂದ ತಾಲ್ಲೂಕು, ಸಂಖ್ಯೆಗಳ ಜೊತೆಗೆ ಊರಿನ ಹೆಸರನ್ನೂ ಬರೆಯಿರಿ. ಹುಂಚ, ಹೊಂಬುಜ, ಪೊಂಬುರ್ಚ ಮೂರೂ ಒಂದೇ ಊರು ಅನ್ನುವುದನ್ನೂ ಒಮ್ಮೆ ಹೇಳಿಬಿಡಿ. ಹುಡುಕುವವರಿಗೆ ಉಪಕಾರ.

ಸಂಪುಟದ ಸಂಖ್ಯೆಯಲ್ಲೂ ಒಂದು ಗುಂಡಿ ಇದೆ. ರೈಸ್ ಅವರ 8ನೇ ಸಂಪುಟ (1904) ಶಿವಮೊಗ್ಗ ಜಿಲ್ಲೆಯ ಎರಡನೇ ಭಾಗ: ಸೊರಬ, ಸಾಗರ, ನಗರ, ತೀರ್ಥಹಳ್ಳಿ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ 1972ರಿಂದ ಹೊರತರಲು ಶುರುಮಾಡಿದ ಪರಿಷ್ಕೃತ ಮಾಲೆಯಲ್ಲಿ 8ನೇ ಸಂಪುಟ ಹಾಸನ ಜಿಲ್ಲೆಯದು. ಬರೀ ‘ಎ.ಕ. 8’ ಅಂದರೆ ಮಲೆನಾಡಿಗೆ ಹೋಗಬೇಕೋ ಹಾಸನಕ್ಕೋ? ಆವೃತ್ತಿ, ವರ್ಷ ಬರೆಯುವುದು ಅಲಂಕಾರಕ್ಕೆ ಅಂತ ತಿಳಿದವರು ಈ ಒಂದು ಉದಾಹರಣೆ ನೆನಪಿಟ್ಟುಕೊಳ್ಳಲಿ.

ಇದಕ್ಕಿಂತ ಸೂಕ್ಷ್ಮವಾದದ್ದು ಇನ್ನೊಂದಿದೆ. ‘ಶಾಸನ ಹೀಗೆ ಹೇಳುತ್ತದೆ’ ಅಂತ ಬರೆದು, ಕೆಳಗೆ ಕೊಟ್ಟಿರುವುದು ರೈಸ್ ಅವರ ಇಂಗ್ಲಿಷ್ ಅನುವಾದದ ಕನ್ನಡ ಅನುವಾದ! ಕನ್ನಡದ ಶಾಸನ ಇಂಗ್ಲಿಷಿಗೆ ಹೋಗಿ ವಾಪಸ್ ಬಂದಾಗ ತೆರಿಗೆಯ ಹೆಸರು, ಭೂಮಿಯ ಅಳತೆ, ಬಿರುದು ಎಲ್ಲ ರೂಪ ಬದಲಾಗಿರುತ್ತದೆ. ಅದೇ ಸಂಪುಟದಲ್ಲಿ ಮೂಲ ಪಾಠವೂ ಇದೆ, ಅನುವಾದವೂ ಇದೆ, ರೈಸ್ ಅವರ ಪೀಠಿಕೆಯೂ ಇದೆ. ಕಲ್ಲು ಹೇಳಿದ್ದು, ರೈಸ್ ಅನುವಾದಿಸಿದ್ದು, ರೈಸ್ ಊಹಿಸಿದ್ದು ಈ ಮೂರನ್ನೂ ಬೇರೆ ಬೇರೆಯಾಗಿ ಉಲ್ಲೇಖಿಸಬೇಕು. ಪಾಠವನ್ನು ನಕಲು ಮಾಡುವಾಗ ಚುಕ್ಕಿಗಳನ್ನು ನುಂಗಬಾರದು. ಅವು ಕಲ್ಲಿನಲ್ಲಿ ಅಳಿಸಿಹೋದ ಅಕ್ಷರಗಳ ಜಾಗ.

ಕಾಲದ ವಿಷಯವೂ ಹಾಗೇ. ಶಾಸನದಲ್ಲಿರುವುದು ಶಕವರ್ಷ, ಸಂವತ್ಸರ, ಮಾಸ, ತಿಥಿ. ಅದಕ್ಕೆ 78 ಕೂಡಿಸಿ ಕ್ರಿಸ್ತಶಕ ಬರೆದುಬಿಡುವುದು ರೂಢಿ. ಶಕವರ್ಷ ಶುರುವಾಗುವುದು ಚೈತ್ರದಲ್ಲಿ. ಮಾಘ, ಫಾಲ್ಗುಣದ ದಾನವಾದರೆ ಅಷ್ಟರಲ್ಲಿ ಕ್ರಿಸ್ತಶಕದ ಹೊಸ ವರ್ಷ ಬಂದಿರುತ್ತದೆ, 79 ಕೂಡಿಸಬೇಕಾಗುತ್ತದೆ. ಶಕ 999, ಪಿಂಗಳ ಸಂವತ್ಸರ ಅಂತ ಮೂಲದಲ್ಲಿ ಇದ್ದಂತೆ ಕೊಟ್ಟು, ಪಕ್ಕದಲ್ಲಿ ಪರಿವರ್ತನೆ ಯಾರದು ಅಂತ ಹೇಳಿದರೆ ಮುಂದಿನವರು ಪರೀಕ್ಷಿಸಬಹುದು.

ತೀರ್ಥಹಳ್ಳಿ ಕಡೆಯ ಪ್ರಬಂಧವೊಂದರಲ್ಲಿ ತೋಟದ ಬೇಲಿ ಪಕ್ಕದ ವೀರಗಲ್ಲಿನ ಒಳ್ಳೆಯ ಚಿತ್ರ ಇದೆ. ಕೆಳಗೆ ‘ಕೃಪೆ: ಅಂತರ್ಜಾಲ’. ಅಂತರ್ಜಾಲ ಯಾವತ್ತೂ ತೋಟಕ್ಕೆ ಇಳಿದು ಫೋಟೋ ತೆಗೆದಿಲ್ಲ. ಯಾರೋ ತೆಗೆದಿದ್ದಾರೆ, ಯಾವುದೋ ದಿನ ತೆಗೆದಿದ್ದಾರೆ. ರಸ್ತೆ ಅಗಲ ಮಾಡುವಾಗ, ಪಾಯ ತೆಗೆಯುವಾಗ ಜಾಗ ಬಿಡುವ ಕಲ್ಲುಗಳ ಮಟ್ಟಿಗೆ ಆ ಹೆಸರು, ಆ ತಾರೀಕು ಇವೇ ಕೊನೆಯ ಸಾಕ್ಷಿ. ಸಾಗರದ ಕಡೆಯ ಪ್ರಬಂಧಗಳಲ್ಲಿ ಕೆಳದಿ ಅರಸರ ಬಗ್ಗೆ ‘ಹಿರಿಯರು ಹೇಳುತ್ತಾರೆ’ ಎಂಬ ಮಾತು ಹತ್ತಾರು ಕಡೆ ಬರುತ್ತದೆ. ಯಾವ ಹಿರಿಯರು, ಯಾವ ಊರು, ಯಾವತ್ತು ಹೇಳಿದ್ದು? ಅವರ ಒಪ್ಪಿಗೆ ಕೇಳಿ ಹೆಸರು ಬರೆಯಿರಿ. ಮನೆಯಲ್ಲಿನ ಕಡತ, ತಾಳೆಗರಿ ನೋಡಿದ್ದರೆ ಯಾರ ಸಂಗ್ರಹ, ಎಷ್ಟನೇ ಗರಿ ಅಂತ ಬರೆಯಿರಿ. ಚಹಾ ಕೊಟ್ಟು, ಅಟ್ಟದಿಂದ ಗಂಟು ಇಳಿಸಿ ತೋರಿಸಿದವರಿಗೆ ನಾವು ಕೊಡಬಹುದಾದ ಮರ್ಯಾದೆಯೂ ಅದೇ.

ಹನ್ನೊಂದರಲ್ಲಿ ನನಗೆ ಹೆಚ್ಚು ಹಿಡಿಸಿದ್ದು ಭಾಷೆಯಲ್ಲಿ ಎಲ್ಲರಿಗಿಂತ ಸಪ್ಪೆಯಾಗಿದ್ದ ಒಂದು ಪ್ರಬಂಧ. ಅದರ ಒಂದು ಟಿಪ್ಪಣಿಯಲ್ಲಿ ಆ ಹುಡುಗಿ ಬರೆದಿದ್ದಳು: ಕಲ್ಲನ್ನು ನೋಡಿದೆ, ಕೆಳಗಿನ ಸಾಲುಗಳು ಸವೆದಿವೆ, ನನಗೆ ಓದಲಾಗಲಿಲ್ಲ, ಅಲ್ಲಿ ರೈಸ್ ಪಾಠವನ್ನೇ ಅನುಸರಿಸಿದ್ದೇನೆ. ಇಷ್ಟೇ. ಆ ನಾಲ್ಕು ಮಾತಿನಿಂದ ಆ ಕಲ್ಲಿನ ಇವತ್ತಿನ ಸ್ಥಿತಿಯೂ ಗೊತ್ತಾಯಿತು, ಅವಳ ಓದಿನ ಮಿತಿಯೂ ಗೊತ್ತಾಯಿತು. ಅವಳು ‘ನೋಡಿದೆ’ ಅಂತ ಬರೆದ ಕಡೆಯೆಲ್ಲ ನಾನು ಅನುಮಾನವಿಲ್ಲದೆ ಮುಂದೆ ಓದಿದೆ.

ಆ ಮೂವರಿಗೂ ಪ್ರಬಂಧ ವಾಪಸ್ ಕಳಿಸಿ, ಸಂಪುಟ ತೆರೆದು ಸಂಖ್ಯೆ ತಿದ್ದಲು ಹೇಳಿದ್ದೇನೆ. ನನ್ನ ಹಳೆಯ ಲೇಖನದ ಪ್ರತಿ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ಪೆನ್ನು ತೆಗೆದುಕೊಂಡು 53 ಹೊಡೆದುಹಾಕಿ 35 ಮಾಡಿಕೊಳ್ಳಿ. ಆದರೆ ನನ್ನ ಮಾತು ನಂಬಿ ತಿದ್ದಬೇಡಿ. ಒಮ್ಮೆ ಸಂಪುಟ ತೆರೆದು ನೋಡಿ ತಿದ್ದಿ.